ತಾಳಗುಂದದ ವರನ ಪರಿಚಯ ವಿಡಿಯೋ

ಬೇಡದ್ದನ್ನು ಕತ್ತರಿಸಿ ಬೇಕಾದ್ದನ್ನು ಜೋಡಿಸುವುದೇ ಎಡಿಟಿಂಗ್ ಎಂದು ಹೇಳುವವರು ಸಿಕ್ಕರೆ ನಾನು ಕೇಳುವುದು ಒಂದೇ ಪ್ರಶ್ನೆ: ಯಾರಿಗೆ ಬೇಡದ್ದು? ಅವರು ಅಲ್ಲಿಗೇ ತಡವರಿಸುತ್ತಾರೆ. ಅಡುಗೆ ಎಂದರೆ ಹಸಿಯಾದದ್ದನ್ನು ಬೇಯಿಸುವುದು ಎಂದ ಹಾಗಾಯಿತು ಇದು. ಸುಳ್ಳೇನಲ್ಲ. ಆದರೆ ಹೇಳಿದವನು ಯಾವತ್ತೂ ಒಲೆಯ ಮುಂದೆ ಕೂತವನಲ್ಲ ಎಂಬುದು ಮಾತ್ರ ತಕ್ಷಣ ಗೊತ್ತಾಗಿಬಿಡುತ್ತದೆ.

ನಾನು ಕೆಲಸ ಮಾಡುವ ಸ್ಟುಡಿಯೋ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಬೇಕರಿಯ ಮಹಡಿಯ ಮೇಲಿದೆ. ಬೆಣ್ಣೆ ಬಿಸ್ಕತ್ತಿನ ವಾಸನೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರೆ ಮೊದಲು ಕಾಣುವುದು ಗೋಡೆಯ ಮೇಲಿನ ಫ್ಲೆಕ್ಸ್. ಅದನ್ನು ಹಾಕಿಸಿದವರು ನಮ್ಮ ಮಾಲೀಕರು ಮಂಜಣ್ಣ. ‘ನಮ್ಮ ಕೆಲಸದ ವಿಧಾನ’ ಎಂದು ಮೇಲೆ ದೊಡ್ಡಕ್ಷರದಲ್ಲಿದೆ. ಗಿರಾಕಿ ವಿಡಿಯೋ ಕೊಡುತ್ತಾರೆ, ಬಾಣ. ನಾವು ಮೊದಲ ಜೋಡಣೆ ಮಾಡುತ್ತೇವೆ, ಬಾಣ. ಗಿರಾಕಿ ನೋಡಿ ತಿದ್ದುಪಡಿ ಹೇಳುತ್ತಾರೆ, ಬಾಣ. ನಾವು ತಿದ್ದುತ್ತೇವೆ, ಬಾಣ. ಗಿರಾಕಿ ಸಂತೋಷವಾಗಿ ಒಯ್ಯುತ್ತಾರೆ. ಕೊನೆಯ ಚಿತ್ರದಲ್ಲಿ ಕೋಟು ಹಾಕಿದ ಒಬ್ಬ ಬಿಳಿಯ ವಿದೇಶಿ ಎಲ್ಲ ಹಲ್ಲು ತೋರಿಸಿಕೊಂಡು ನಿಂತಿದ್ದಾನೆ. ಅಂಥವನೊಬ್ಬ ಶಿರಾಳಕೊಪ್ಪದ ಬಸ್ಸಿಂದ ಇಳಿದದ್ದನ್ನು ನಾನಂತೂ ನೋಡಿಲ್ಲ.

ಆ ಫ್ಲೆಕ್ಸಿನ ದೊಡ್ಡ ಸುಳ್ಳು ಆ ಬಿಳಿಯನಲ್ಲ, ‘ಗಿರಾಕಿ’ ಎಂಬ ಏಕವಚನ. ನಮ್ಮಲ್ಲಿ ಗಿರಾಕಿ ಒಬ್ಬರಾಗಿ ಬರುವುದೇ ಇಲ್ಲ. ಸಂತೆಯ ದಿನ ನೋಡಿಕೊಂಡು, ಸಂತೆಯ ಚೀಲದ ಸಮೇತ, ಕುಟುಂಬವಾಗಿ ಬರುತ್ತಾರೆ. ಮದುವೆಯ ವಿಡಿಯೋ ಆದರಂತೂ ಮುಗಿಯಿತು. ಹೆಣ್ಣಿನ ಕಡೆಯವರು ಸೊರಬದಿಂದ, ಗಂಡಿನ ಕಡೆಯವರು ಶಿಕಾರಿಪುರದಿಂದ. ಒಂದೇ ಪರದೆಯ ಮುಂದೆ ಎರಡು ಬೆಂಚು. ಮದುವೆಯ ದಿನ ಹೊರಬಾರದೆ ಉಳಿದ ಜಗಳವೆಲ್ಲ ನನ್ನ ಎದುರು ಹೊರಬರುತ್ತದೆ. ‘ಅವರ ದೊಡ್ಡಮ್ಮ ಇಷ್ಟು ಸಲ ಬರ್ತಾಳೆ, ನಮ್ಮ ದೊಡ್ಡಮ್ಮ ಎಲ್ಲಿ?’ ಆ ದೊಡ್ಡಮ್ಮ ಊಟದ ಮೊದಲ ಪಂಕ್ತಿಯಲ್ಲಿ ಕೂತು ಎರಡನೇ ಪಂಕ್ತಿಯ ಹೊತ್ತಿಗೆ ಏಳುತ್ತಿದ್ದರು ಎಂದು ನಾನು ಹೇಳಬಾರದು. ಬಂದಳಿಕೆಯ ಹಾಳುಬಿದ್ದ ಗುಡಿಗಳ ನಡುವೆ ಮದುವೆಗೆ ಮುಂಚಿನ ಫೋಟೋ-ವಿಡಿಯೋ ತೆಗೆಸಿಕೊಂಡ ಒಬ್ಬ ವರ ಮಹಾಶಯ, ತನ್ನ ಹಿಂದಿನ ಮುರಿದ ಕಂಬವನ್ನು ತೋರಿಸಿ, ‘ಮೇಡಂ, ಇದೊಂದು ಕೂಡಿಸಿಬಿಡಿ, ಮದುವೆ ವಿಡಿಯೋದಲ್ಲಿ ಮುರಿದದ್ದು ಬೇಡ’ ಎಂದಿದ್ದ. ರಾಜವಂಶಗಳಿಂದ ಆಗದೆ ಉಳಿದ ಜೀರ್ಣೋದ್ಧಾರವನ್ನು ಊಟದ ಹೊತ್ತಿನೊಳಗೆ ಮಾಡಿಕೊಟ್ಟೆ. ನನ್ನ ವೃತ್ತಿಯಲ್ಲಿ ಹೆಮ್ಮೆ ಪಡುವಂಥ ವಿಷಯಗಳು ಕಡಿಮೆ. ಇದನ್ನೂ ಬಿಟ್ಟರೆ ಹೇಗೆ?

ನೀವು ಕೇಳಬಹುದು, ಇಷ್ಟು ಬಾಯಿ ಇರುವವಳು ಬಾಯಿ ಮುಚ್ಚಿಕೊಂಡು ಮಾಡುವ ಕೆಲಸಕ್ಕೆ ಯಾಕೆ ಸೇರಿದೆ ಎಂದು. ಕೇಳಿ, ಹೇಳುತ್ತೇನೆ.

ನನ್ನ ಬಾಯಿ ತಯಾರಾದದ್ದು ಸೊರಬ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ. ಚರ್ಚಾಸ್ಪರ್ಧೆ ಎಂದರೆ ಸಾಕು, ನಮ್ಮ ಮೇಷ್ಟ್ರು ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಡುತ್ತಿದ್ದರು. ಪರವೋ ವಿರೋಧವೋ ಅಲ್ಲಿಗೆ ಹೋದ ಮೇಲೆ ಚೀಟಿ ಎತ್ತಿ ಗೊತ್ತಾಗುತ್ತಿತ್ತು. ಒಂದೇ ವಿಷಯಕ್ಕೆ ಒಂದು ಊರಲ್ಲಿ ಪರ, ಮುಂದಿನ ಊರಲ್ಲಿ ವಿರೋಧ. ಎರಡು ಕಡೆಯೂ ಬಹುಮಾನ. ಬಹುಮಾನ ಎಂದರೆ ಸ್ಟೀಲು. ಲೋಟ, ತಟ್ಟೆ, ಪಾತ್ರೆ, ಮುಚ್ಚಳದ ಡಬ್ಬಿ. ಗೆದ್ದ ವಿಷಯವೇ ಪಾತ್ರೆಯ ಹೆಸರು: ನಮ್ಮ ಮನೆಯಲ್ಲಿ ಇವತ್ತಿಗೂ ಅನ್ನದ ಪಾತ್ರೆ ‘ಮೊಬೈಲ್ ವರ’, ಸಾರಿನ ಪಾತ್ರೆ ‘ಮೊಬೈಲ್ ಶಾಪ’. ಎರಡನ್ನೂ ಕಲಸಿಕೊಂಡು ಉಂಡು ಬೆಳೆದವಳಿಗೆ ಸತ್ಯ ಒಂದೇ ಕಡೆ ಇರುತ್ತದೆ ಎಂಬ ನಂಬಿಕೆ ಹುಟ್ಟುವುದಾದರೂ ಎಲ್ಲಿಂದ?

ಮೇಷ್ಟ್ರು ಕಲಿಸಿದ ಮುಖ್ಯ ಪಾಠ, ಮಾತಿನ ನಡುವೆ ನಿಲ್ಲಬಾರದು ಎಂಬುದು. ನಿಂತ ಜಾಗದಲ್ಲಿ ಎದುರಾಳಿ ಬಂದು ಕೂರುತ್ತಾನೆ ಎನ್ನುತ್ತಿದ್ದರು. ವಿಷಯ ಮರೆತುಹೋದರೂ ‘ಆದ್ದರಿಂದ ಮಾನ್ಯ ಅಧ್ಯಕ್ಷರೇ’ ಎಂದು ಶುರುಮಾಡಿಬಿಡಬೇಕು; ಯಾವುದರಿಂದ ಎಂದು ಅಧ್ಯಕ್ಷರು ಕೇಳುವುದಿಲ್ಲ, ಅವರ ಗಮನ ಗಂಟೆಯ ಮೇಲಿರುತ್ತದೆ.

ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ನಮ್ಮಜ್ಜಿ ಮೆಕ್ಕೆಜೋಳದ ತೆನೆ ಬಿಡಿಸುತ್ತ ಕಥೆ ಹೇಳುತ್ತಿದ್ದಳು. ‘ಆ ಹೊತ್ತಿಗೆ ಯಾರೋ ಬಾಗ್ಲು ಬಡಿದ್ರು’ ಎಂದು ಹೇಳಿ, ತೆನೆಯ ಒಂದು ಸಾಲು ಪೂರ್ತಿ ಬಿಡಿಸುವವರೆಗೆ ಸುಮ್ಮನಿರುತ್ತಿದ್ದಳು. ಕಾಳು ಮೊರಕ್ಕೆ ಬೀಳುವ ಶಬ್ದ ಒಂದೇ. ಬಾಗಿಲಾಚೆ ಯಾರಿದ್ದಾರೆ ಎಂದು ಗೊತ್ತಾಗದೆ ನಾವು ಮಕ್ಕಳು ಒಬ್ಬರ ತೊಡೆಯನ್ನೊಬ್ಬರು ಹಿಡಿದುಕೊಂಡಿರುತ್ತಿದ್ದೆವು. ಬೇಗ ಹೇಳು ಎಂದು ನಾನು ಗದರಿದರೆ ಅಜ್ಜಿ ತಲೆಯೆತ್ತದೆ, ‘ನಿನ್ ಬಾಯಿ ಹಿಂದೆ ಹುಲಿ ಬಿದ್ದೈತೇನೇ?’ ಎನ್ನುತ್ತಿದ್ದಳು. ಅಜ್ಜಿಗೆ ಯಾರೂ ಸ್ಟೀಲು ಕೊಡಲಿಲ್ಲ.

ಸ್ಟುಡಿಯೋಗೆ ಸೇರಿದ್ದೂ ಒಂದು ವಾದದಿಂದಲೇ. ನನ್ನ ಚಿಕ್ಕಪ್ಪನ ಮಗಳ ಮದುವೆಯ ವಿಡಿಯೋದಲ್ಲಿ ತಾಳಿ ಕಟ್ಟುವ ಹೊತ್ತಿಗೆ ಮಂಜಣ್ಣ ಸಿಡಿಲಿನ ಶಬ್ದ ಹಾಕಿದ್ದರು. ಒಂದು ಕೋನದಿಂದ ಒಂದು ಸಿಡಿಲು, ಮತ್ತೊಂದು ಕೋನದಿಂದ ಮತ್ತೊಂದು. ಇದು ಮದುವೆಯೋ ಪ್ರಳಯವೋ ಎಂದು ಅಂಗಡಿಗೇ ಬಂದು ಕೇಳಿದೆ. ಕಾಲೇಜು ಮುಗಿಸಿ ಖಾಲಿ ಕೂತಿದ್ದ ಕಾಲ, ಜಗಳಕ್ಕೂ ಪುರುಸೊತ್ತಿತ್ತು. ಅವರು ಸಾಕಷ್ಟು ಹೊತ್ತು ಕೇಳಿಸಿಕೊಂಡು, ಕುರ್ಚಿಯಿಂದ ಎದ್ದು, ಅಷ್ಟು ಗೊತ್ತಿದ್ದರೆ ನೀನೇ ಕೂತು ಮಾಡಮ್ಮ ಎಂದರು. ಕೂತೆ. ಆಮೇಲೆ ಎದ್ದಿಲ್ಲ. ಕಂಡವರ ಮಾತನ್ನೆಲ್ಲ ನನಗೆ ಬೇಕಾದಲ್ಲಿ ನಿಲ್ಲಿಸಬಹುದು, ಅವರು ತಿರುಗಿ ಉತ್ತರ ಕೊಡುವಂತಿಲ್ಲ. ಒಬ್ಬ ವಾದಗಾತಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಯಾವುದಿದೆ?

ಇರಲಿ. ನಾನು ಹೇಳಬೇಕೆಂದಿದ್ದು ತಾಳಗುಂದದ ತಿಪ್ಪೇಶನ ವಿಷಯ.

ಇತ್ತೀಚೆಗೆ ನಮ್ಮ ಕಡೆ ಹೊಸದೊಂದು ಪದ್ಧತಿ ಶುರುವಾಗಿದೆ. ಮೊದಲೆಲ್ಲ ವರನ ಫೋಟೋ, ಜಾತಕ ಹೆಣ್ಣಿನ ಮನೆಗೆ ಹೋಗುತ್ತಿತ್ತು. ಈಗ ಪರಿಚಯ ವಿಡಿಯೋ ಹೋಗುತ್ತದೆ. ಹೊಲ ಇದೆ, ಬೋರು ಇದೆ, ಟ್ರ್ಯಾಕ್ಟರು ಇದೆ, ಟೈಲ್ಸ್ ಹಾಕಿಸಿದ ಮನೆ ಇದೆ, ಹೆಣ್ಣು ಮಾತ್ರ ಸಿಗುತ್ತಿಲ್ಲ. ಕೃಷಿಕನ ಮನೆಗೆ ಹೋಗುವುದಿಲ್ಲ ಎನ್ನುವ ಹುಡುಗಿಯರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಬೆಳಗಿನ ಸಗಣಿಯಿಂದ ಸಂಜೆಯ ರೊಟ್ಟಿಯವರೆಗಿನ ಕೆಲಸ ಯಾರ ಪಾಲಿಗೆ ಬರುತ್ತದೆ ಎಂದು ಅವರು ತಮ್ಮ ಅಮ್ಮಂದಿರನ್ನು ನೋಡಿಯೇ ತಿಳಿದಿದ್ದಾರೆ. ಆದ್ದರಿಂದ ಗಂಡಿನ ಕಡೆಯವರು ಈಗ ಜಾಹೀರಾತಿಗೆ ಇಳಿದಿದ್ದಾರೆ. ಆ ವಿಡಿಯೋಗಳಿಗೊಂದು ಕ್ರಮವಿದೆ. ಮೊದಲು ಡ್ರೋನು ಹೊಲದ ಮೇಲೆ ಹದ್ದಿನಂತೆ ಸುತ್ತಬೇಕು. ಆಮೇಲೆ ಮನೆ. ಆಮೇಲೆ ವಾಷಿಂಗ್ ಮಷೀನು, ಬೇಕೆಂದೇ ಬಾಗಿಲು ತೆರೆದಿಟ್ಟು. ಆಮೇಲೆ ವರ, ಬಿಳಿ ಅಂಗಿಯಲ್ಲಿ, ಕೆಸರಿಲ್ಲದ ದಾರಿಯಲ್ಲಿ, ನಿಧಾನವಾಗಿ ನಡೆದು ಬಂದು ಎರಡು ಮಾತಾಡಬೇಕು.

ತಿಪ್ಪೇಶ ಸಿಕ್ಕಿಕೊಂಡದ್ದು ಈ ಎರಡು ಮಾತಿನಲ್ಲಿ. ಅವನಿಗೆ ಮಾತು ತಡೆಯುತ್ತದೆ. ಎಲ್ಲ ಮಾತೂ ಅಲ್ಲ. ‘ತ’ ಎದುರಾದರೆ ಹೆಚ್ಚು. ಹೆಸರು ತಿಪ್ಪೇಶ, ಊರು ತಾಳಗುಂದ. ಹುಟ್ಟಿದಾರಭ್ಯ ಎರಡು ಬೇಲಿ ಹಾರಿಯೇ ಅವನು ತಾನು ಯಾರೆಂದು ಹೇಳಿಕೊಳ್ಳಬೇಕು.

ಸ್ಟುಡಿಯೋಗೆ ಅವನನ್ನು ಕರೆದುಕೊಂಡು ಬಂದವರು ಅವನ ಭಾವ ಪರಮೇಶಪ್ಪ. ಅಕ್ಕನ ಗಂಡ, ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿ, ಕೈಯಲ್ಲಿ ಎರಡು ಫೋನು, ಎರಡಕ್ಕೂ ಒಂದೇ ಗಂಟಲು. ತಿಪ್ಪೇಶ ಹೇಳಬೇಕಾದ ಮಾತನ್ನು ಅವರೇ ಬರೆದು ತಂದಿದ್ದರು: ‘ನಮಸ್ಕಾರ. ನನ್ನ ಹೆಸರು ತಿಪ್ಪೇಶ. ತಾಳಗುಂದ ನನ್ನ ಸ್ವಗ್ರಾಮ. ನಾನೊಬ್ಬ ಪ್ರಗತಿಪರ ಕೃಷಿಕ. ಸ್ತ್ರೀಯರನ್ನು ಗೌರವಿಸುವುದು ನಮ್ಮ ಮನೆತನದ ಸಂಸ್ಕಾರ.’ ಜೊತೆಗೆ ತಿಪ್ಪೇಶನ ತಾಯಿ ಗೌರವ್ವ ಬಂದಿದ್ದರು. ಅವರು ಕೂತ ಕೂಡಲೆ ನನ್ನ ಮದುವೆ ಆಗಿದೆಯೋ ಎಂದು ಕೇಳಿ, ಇಲ್ಲ ಎಂದ ಮೇಲೆ ನಾವು ಯಾವ ಪೈಕಿ ಎಂದೂ ವಿಚಾರಿಸಿ, ನನ್ನ ಉತ್ತರ ಸರಿಹೊಂದದೆ, ನಿಟ್ಟುಸಿರು ಬಿಟ್ಟು ಪರದೆಯ ಕಡೆ ತಿರುಗಿದರು.

ಮಂಜಣ್ಣ ತಾಳಗುಂದಕ್ಕೆ ಹೋಗಿ ಮೆಕ್ಕೆಜೋಳದ ಹೊಲದಲ್ಲಿ ಎಲ್ಲ ತೆಗೆದುಕೊಂಡು ಬಂದರು. ಅವರಿಗೊಂದು ಕೆಟ್ಟ ಅಭ್ಯಾಸ: ಕ್ಯಾಮರಾ ನಿಲ್ಲಿಸಲು ಮರೆಯುತ್ತಾರೆ. ನನ್ನ ಕೆಲಸದ ನಿಜವಾದ ಸುಖ ಇರುವುದೇ ಆ ಮರೆವಿನಲ್ಲಿ. ಬರೆದುಕೊಟ್ಟ ಮಾತು ಹೇಳುವಾಗ ತಿಪ್ಪೇಶನ ಕುತ್ತಿಗೆಯ ನರ ಉಬ್ಬಿ, ಕಣ್ಣು ಮುಚ್ಚಿ, ‘ತ’ ಎಂಬಲ್ಲಿ ಗಾಡಿ ಹೂತುಕೊಳ್ಳುತ್ತಿತ್ತು. ಆದರೆ ನಡುವೆ, ಕ್ಯಾಮರಾ ನಿಂತಿದೆ ಎಂದುಕೊಂಡು, ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮಂಜಣ್ಣನ ಹತ್ತಿರ ಅವನು ಮಾತಾಡಿದ್ದೂ ಅದರಲ್ಲಿ ಬಂದಿತ್ತು. ಮೊಬೈಲಿಂದ ಚಾಲೂ ಮಾಡುವ ಪಂಪಿನ ವಿಷಯ. ಆ ನಂಬರಿಗೆ ಫೋನ್ ಮಾಡಿದರೆ ಒಂದು ಹೆಣ್ಣುದನಿ ಬರುತ್ತದಲ್ಲ, ಮೋಟಾರು ಚಾಲೂ ಆಗಿದೆ ಎಂದು, ಅದು.

‘ನಾ ಹ... ಹಲೋ ಅನ್ನೋದ್ರಾಗೆ ಎಲ್ರೂ ಫೋನ್ ಇಟ್‌ಬಿಡ್ತಾರೆ ಮಂಜಣ್ಣ’ ಎಂದಿದ್ದ. ‘ಇವ್ಳೊಬ್ಳೇ, ಮೋ... ಮೋಟ್ರು ಚಾಲೂ ಆಗೋಮಟ ಕಾಯ್ತಾಳೆ.’

ನಾನು ಒಬ್ಬಳೇ ಕೂತು ನಕ್ಕೆ. ಮತ್ತೊಮ್ಮೆ ಹಾಕಿ ನೋಡಿದಾಗ ಗೊತ್ತಾಯಿತು, ಆ ತಡೆ ಇಲ್ಲದಿದ್ದರೆ ಆ ಮಾತಿಗೆ ನಗುವೇ ಬರುತ್ತಿರಲಿಲ್ಲ. ಡ್ರೋನು, ವಾಷಿಂಗ್ ಮಷೀನು ಎಲ್ಲವನ್ನೂ ಹಿಂದಕ್ಕೆ ತಳ್ಳಿ ಮೊದಲ ಜೋಡಣೆಯನ್ನು ಆ ಪಂಪಿನ ಮಾತಿನಿಂದಲೇ ಶುರುಮಾಡಿದೆ.

ಸಂತೆಯ ದಿನ ಮೂವರೂ ಬಂದರು. ವಿಡಿಯೋ ಶುರುವಾಯಿತು. ಗೌರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ತಿಪ್ಪೇಶ ನೆಲ ನೋಡಿದ. ಪರಮೇಶಪ್ಪ ಎರಡೂ ಫೋನನ್ನು ಮೇಜಿನ ಮೇಲಿಟ್ಟರು. ಅವರು ಎರಡನ್ನೂ ಕೆಳಗಿಟ್ಟರೆಂದರೆ ಸಿಟ್ಟು ಬಂದಿದೆ ಎಂದು ಅರ್ಥ.

ಇದನ್ನು ತೆಗೆಯಿರಿ ಎಂದರು. ಪಂಪಿನ ಮಾತನ್ನಷ್ಟೇ ಅಲ್ಲ, ತಡೆಯುವುದನ್ನೆಲ್ಲ. ಮಾತು ನೀರಿನ ಹಾಗೆ ಹರಿಯಬೇಕು.

ನಾನು ಬಿಟ್ಟೇನೆಯೇ? ಮಾನ್ಯ ಅಧ್ಯಕ್ಷರೇ ಎಂದೊಂದು ಅನ್ನಲಿಲ್ಲ ಅಷ್ಟೆ. ಇವತ್ತು ವಿಡಿಯೋದಲ್ಲಿ ತೆಗೆದರೆ ನಾಳೆ ಹೆಣ್ಣಿನವರ ಮುಂದೆ ಮಾತಾಡುವಾಗ ಯಾರು ತೆಗೆಯುತ್ತಾರೆ, ಮದುವೆಯಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆ.

‘ಮದ್ವಿ ಆದ್ಮ್ಯಾಲೆ ಯಾವ ಗಂಡಸು ಮಾತಾಡ್ತಾನ್ರಿ?’ ಎಂದರು ಪರಮೇಶಪ್ಪ. ‘ಅಲ್ಲಮ್ಮ, ಫೋಟೋದಾಗ ಮಾರಿ ಮ್ಯಾಲಿನ ಕಲಿ ತಗೀತೀರಿ. ಕರ್ರಗಿದ್ದೋರ್ನ ಬೆಳ್ಳಗೆ ಮಾಡ್ತೀರಿ. ಆವಾಗ ಇಲ್ಲದ ಧರ್ಮ ಈಗ ಎಲ್ಲಿಂದ ಬಂತು?’

ಒಳ್ಳೆಯ ಪೆಟ್ಟು. ತೀರ್ಪುಗಾರರ ಜಾಗದಲ್ಲಿದ್ದರೆ ನಾನೇ ಅಂಕ ಕೊಡುತ್ತಿದ್ದೆ. ಕಲೆ ತೆಗೆದ ಫೋಟೋ ಬಂದು ಮಾತಾಡುವುದಿಲ್ಲವಲ್ಲ ಎಂದು ಏನೋ ಒಂದು ಅಂದೆ, ಅದರಲ್ಲಿ ಬಲವಿರಲಿಲ್ಲ. ಗೌರವ್ವ ಆಗ ನನ್ನ ಕಡೆ ತಿರುಗಿದರು.

‘ಅವ್ನು ಬಾಯಿ ತೆಗಿಯೋದ್ರಾಗೆ ಕಾಫಿ ಲೋಟ ಇಟ್ಟು ಎದ್ದು ಹೋಗ್ಯಾರವ್ವ ಮಂದಿ. ಒಂದ್ಸಲ ಯಾರಾರ ಕುಂತು ಕೇಳಿದ್ರೆ ನನ್ ಮಗ ಎಂಥಾವ ಅಂತ ಗೊತ್ತಾಗ್ತಿತ್ತು. ಕುಂದ್ರೋ ಹಂಗೆ ಮಾಡಿಕೊಡು, ಸಾಕು.’

ಚರ್ಚಾಸ್ಪರ್ಧೆಯಲ್ಲಿ ಇದಕ್ಕೆ ಖಂಡನೆ ಕಲಿಸಿರಲಿಲ್ಲ. ನಾನು ತಿಪ್ಪೇಶನನ್ನು ಕೇಳಿದೆ, ಇದು ನಿಮ್ಮ ವಿಡಿಯೋ, ನೀವೇನು ಹೇಳುತ್ತೀರಿ ಎಂದು. ಮೂರು ಜನ ಅವನ ಬಾಯಿಯನ್ನೇ ನೋಡಿದೆವು. ಹಾಗೆ ನೋಡಿದರೆ ಯಾರ ಬಾಯಾದರೂ ಹೂತುಕೊಳ್ಳುತ್ತದೆ.

‘ತ... ತ... ತೆಗೀರಿ’ ಎಂದ.

ಗಿರಾಕಿಯ ತಿದ್ದುಪಡಿ, ಬಾಣ, ನಾವು ತಿದ್ದುತ್ತೇವೆ. ತಿದ್ದಿದೆ. ಹೇಗೆ ಎಂದು ಕೇಳುವವರಿಗೆ ಹೇಳುತ್ತೇನೆ: ಪರದೆಯ ಮೇಲೆ ಮಾತು ಒಂದು ಪಟ್ಟಿಯಂತೆ ಕಾಣುತ್ತದೆ, ದನಿ ಇದ್ದಲ್ಲಿ ಗುಡ್ಡ, ಇಲ್ಲದಲ್ಲಿ ಬಯಲು. ಬಯಲನ್ನೆಲ್ಲ ಕತ್ತರಿಸಿ ಗುಡ್ಡಕ್ಕೆ ಗುಡ್ಡ ತಾಗಿಸಿದರೆ ಮಾತು ಓಡುತ್ತದೆ. ಆದರೆ ಕತ್ತರಿಸಿದಲ್ಲೆಲ್ಲ ಮುಖ ಸರಕ್ಕನೆ ಜಿಗಿಯುತ್ತದೆ. ಅದನ್ನು ಮುಚ್ಚಲು ಮೇಲೊಂದು ಬೇರೆ ಚಿತ್ರ ಹೊದಿಸಬೇಕು. ಹೀಗಾಗಿ ತಿಪ್ಪೇಶ ತಡೆದಲ್ಲೆಲ್ಲ ಒಂದು ಮೆಕ್ಕೆಜೋಳದ ತೆನೆ ಬಂತು. ವಿಡಿಯೋ ತುಂಬ ತೆನೆಗಳಾದವು. ‘ತಾಳಗುಂದ’ ಒಂದೇ ಸಲಕ್ಕೆ ಎಲ್ಲೂ ಇರಲಿಲ್ಲ. ಒಂದು ಕಡೆಯಿಂದ ‘ತಾಳ’, ಇನ್ನೊಂದು ಕಡೆಯಿಂದ ‘ಗುಂದ’ ತಂದು ಹೊಲಿದೆ. ಕೇಳಿದರೆ ಆಕಾಶವಾಣಿಯವರೂ ತಲೆದೂಗಬೇಕು, ಅಷ್ಟು ಸಲೀಸು.

ಅದನ್ನು ನೋಡಲು ತಿಪ್ಪೇಶ ಬಂದ. ಮುಗಿಯುವವರೆಗೆ ಮಿಸುಕಲಿಲ್ಲ. ಮತ್ತೊಮ್ಮೆ ಹಾಕಿ ಎಂದು ಕೈಸನ್ನೆ ಮಾಡಿದ. ಆಮೇಲೆ ಮತ್ತೊಮ್ಮೆ. ಕೊನೆಗೆ, ‘ಯಾ... ಯಾರ್ರಿ ಇವ? ಭಾಳ ಚಲೋ ಮಾತಾಡ್ತಾನಲ್ರಿ’ ಎಂದು ನಗುತ್ತ ಎದ್ದ. ನಕ್ಕದ್ದೇನೋ ನಿಜ. ಪೆನ್‌ಡ್ರೈವನ್ನು ಮಾತ್ರ ಮೇಜಿನ ಮೇಲೆ ಬಿಟ್ಟು ಹೊರಟಿದ್ದ, ಕೂಗಿ ಕೊಡಬೇಕಾಯಿತು.

ವಿಡಿಯೋ ಸೊರಬದ ಒಂದು ಮನೆಗೆ ಹೋಯಿತು. ಹುಡುಗಿ ರೂಪಾ, ಸೊರಬದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮನೆಯವರಿಗೆ ಇಷ್ಟವಾಗಿದೆ ಎಂದು ಪರಮೇಶಪ್ಪನವರು ಫೋನ್ ಮಾಡಿ, ನಿಮ್ಮ ಮಾತು ಕೇಳಿದ್ದರೆ ಕೆಟ್ಟಿತ್ತು ನೋಡಿ ಎಂದು ಹಂಗಿಸುವುದನ್ನೂ ಮರೆಯಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಫೋನ್ ಬಂತು. ಮಂಜಣ್ಣ ಎಲ್ಲ ವಿಡಿಯೋದ ಕೊನೆಗೂ ಸ್ಟುಡಿಯೋದ ಹೆಸರು, ನಂಬರು ಹಾಕುತ್ತಾರೆ; ಶ್ರದ್ಧಾಂಜಲಿ ವಿಡಿಯೋಗೂ ‘ಮತ್ತೊಮ್ಮೆ ಬನ್ನಿ’ ಎಂದು ಹಾಕಿ ಬೈಸಿಕೊಂಡವರು. ಆ ನಂಬರು ಹಿಡಿದು ಮಾಡಿದವಳು ರೂಪಾ.

‘ಈ ವಿಡಿಯೋ ಮಾಡಿದ್ದು ನೀವೇನಾ?’ ಎಂದಳು. ಹೌದು ಎಂದೆ. ‘ಅವ್ರು ಉಸಿರೇ ತಗೊಳಲ್ವಾ?’

ಅರ್ಥವಾಗಲಿಲ್ಲ ಎಂದೆ. ಅರ್ಥವಾಗಿತ್ತು.

‘ಅಲ್ರೀ, ದಿನಾ ಜನಕ್ಕೆ ಸೂಜಿ ಚುಚ್ಚೋಳು ನಾನು. ಯಾರು ಯಾವಾಗ ಉಸಿರು ಹಿಡೀತಾರೆ, ಬಿಡ್ತಾರೆ ಅಂತ ನೋಡ್ತಾನೇ ಇರ್ತೀನಿ. ಈ ಮನುಷ್ಯ ನಮಸ್ಕಾರದಿಂದ ಸಂಸ್ಕಾರದ ತನಕ ಒಂದ್ಸಲನೂ ಉಸಿರಾಡಿಲ್ಲ. ಮಾತಿಗೊಂದು ಜೋಳದ ತೆನೆ ಬೇರೆ. ಆ ತೆನೆ ಹಿಂದೆ ಏನಿದೆ?’

ಬಯಲನ್ನು ಕತ್ತರಿಸುವಾಗ ಉಸಿರೂ ಅದರಲ್ಲಿ ಹೋಗಿತ್ತು. ಉಸಿರು ಗುಡ್ಡದಂತೆ ಕಾಣುವುದಿಲ್ಲ. ಕತ್ತರಿಸಿದ್ದನ್ನೆಲ್ಲ ಕಳಿಸಿ ಎಂದಳು. ಗಿರಾಕಿಯ ಅನುಮತಿಯಿಲ್ಲದೆ ಅದನ್ನು ಕೊಡುವುದಿಲ್ಲ ಎಂಬ ನಮ್ಮ ನಿಯಮವನ್ನು ನಾನು ಹೇಳಿದೆ. ಅವಳು ಅರೆಕ್ಷಣವೂ ಯೋಚಿಸಲಿಲ್ಲ. ವಿಡಿಯೋ ಯಾರಿಗೆ ತೋರಿಸಲು ಮಾಡಿದ್ದು ಎಂದು ಕೇಳಿದಳು. ನಿಮಗೆ ಎಂದೆ. ನಂಬಿ ಮೋಸ ಹೋದರೆ ಯಾರು ಹೋಗುವುದು? ನೀವು. ಹಾಗಿದ್ದರೆ ಗಿರಾಕಿ ಯಾರು?

ಸೊರಬ ತಾಲ್ಲೂಕಿನಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬಳು ಇದ್ದಾಳೆಂದು ಮೇಷ್ಟ್ರು ಹೇಳಿರಲಿಲ್ಲ.

ತಿಪ್ಪೇಶನಿಗೆ ಫೋನ್ ಮಾಡಿದೆ. ಹೀಗೆ ಹೀಗೆ, ಅವಳು ಕತ್ತರಿಸಿದ್ದನ್ನು ಕೇಳುತ್ತಿದ್ದಾಳೆ, ಕೊಡಲೋ ಬೇಡವೋ ಎಂದೆ. ಆ ಕಡೆಯಿಂದ ಏನೂ ಬರಲಿಲ್ಲ. ಕೆಳಗೆ ಬೇಕರಿಯವರು ಒಲೆಯಿಂದ ತಟ್ಟೆಗಳನ್ನು ಎಳೆಯುವ ಸದ್ದು; ಫೋನಿನಲ್ಲಿ ಹೊಲದ ಗಾಳಿ. ನಾನು ಇಡಲಿಲ್ಲ. ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದನ್ನು ನಮ್ಮ ಮನೆಯವರು ನೋಡಿದ್ದರೆ ಜ್ವರ ಬಂದಿದೆಯೋ ಎಂದು ಹಣೆ ಮುಟ್ಟುತ್ತಿದ್ದರು.

‘ಕ... ಕೊಡ್ರಿ’ ಎಂದ. ‘ಭಾವಗ ಹೇಳ್‌ಬ್ಯಾಡ್ರಿ.’

ಪಂಪಿನ ಮಾತಿನ ಸಮೇತ ಎಲ್ಲವನ್ನೂ ಕಳಿಸಿದೆ. ಸಂಜೆ ರೂಪಾಳಿಂದ ಒಂದೇ ಸಾಲು ಬಂತು: ‘ಆ ಮೋಟ್ರಿನ ಹೆಂಗಸು ಈಗ್ಲೂ ಕಾಯ್ತಾಳಾ?’ ಅದನ್ನು ತಿಪ್ಪೇಶನಿಗೆ ದಾಟಿಸಿದೆ. ಅವನು ಏನು ಉತ್ತರ ಕೊಟ್ಟನೋ, ಅದು ನನ್ನ ಮೂಲಕ ಹೋಗಲಿಲ್ಲ. ಒಟ್ಟಿನಲ್ಲಿ ಹೆಣ್ಣು ನೋಡಲು ಸೊರಬಕ್ಕೆ ಬನ್ನಿ ಎಂದು ಹೇಳಿಕಳಿಸಿದರು.

ಪರಮೇಶಪ್ಪನವರಿಗೆ ಅದರದ್ದೂ ವಿಡಿಯೋ ಬೇಕಾಗಿತ್ತು. ಮಂಜಣ್ಣ ಆವತ್ತು ಬೇರೊಂದು ಮದುವೆಗೆ ಹೋಗುವವರಿದ್ದರು, ಹಾಗಾಗಿ ಕ್ಯಾಮರಾ ಹಿಡಿದು ನಾನೇ ಹೋದೆ. ಸೊರಬದ ಆ ಮನೆಯ ನಡುಮನೆಯಲ್ಲಿ ಎರಡು ಕಡೆ ಪ್ಲಾಸ್ಟಿಕ್ ಕುರ್ಚಿ, ನಡುವೆ ಟೀಪಾಯಿ, ಕೇಸರಿಬಾತು, ಮಂಡಕ್ಕಿ. ಹುಡುಗಿಗೆ ಎಲ್ಲ ಗೊತ್ತು. ಹುಡುಗನಿಗೆ ಹುಡುಗಿಗೆ ಗೊತ್ತಿದೆ ಎಂದು ಗೊತ್ತು. ಇದು ಗೊತ್ತಿಲ್ಲದವರಲ್ಲಿ ಮುಖ್ಯರು ಪರಮೇಶಪ್ಪ. ಪಾಪ, ಇಡೀ ಗುಟ್ಟನ್ನು ಅವರೊಬ್ಬರೇ ಹೊತ್ತುಕೊಂಡು ಬೆವರುತ್ತಿದ್ದರು. ರೂಪಾಳ ಅಪ್ಪ ಈ ಸಲ ಬೆಳೆ ಹೇಗಿದೆ ಎಂದು ತಿಪ್ಪೇಶನನ್ನು ಕೇಳಿದರೆ ಇವರು ಉತ್ತರಿಸಿದರು. ಎಷ್ಟರವರೆಗೆ ಓದಿದ್ದೀರಿ ಎಂದರೆ ಇವರು ಉತ್ತರಿಸಿದರು. ಕೇಸರಿಬಾತಿಗೆ ಸಕ್ಕರೆ ಸ್ವಲ್ಪ ಹೆಚ್ಚಾಯಿತೇನೋ ಎಂದು ರೂಪಾಳ ಅಮ್ಮ ಅಂದದ್ದಕ್ಕೂ, ‘ಅವ್ನಿಗೆ ಸಿಹಿ ಅಂದ್ರೆ ಪ್ರಾಣ ಬಿಡ್ರಿ’ ಎಂದರು. ತಿಪ್ಪೇಶ ಚಮಚ ಕೆಳಗಿಟ್ಟ. ನಾನು ಸ್ಟುಡಿಯೋದಲ್ಲಿ ಕೂತು ಮಾಡಿದ ಕೆಲಸವನ್ನು ಈ ಮನುಷ್ಯ ಕಂಪ್ಯೂಟರಿಲ್ಲದೆ, ನೇರವಾಗಿ ಮಾಡುತ್ತಿದ್ದರು. ತೆನೆ ಒಂದು ಕಡಿಮೆ.

ರೂಪಾ ಎಲ್ಲರಿಗೂ ಕಾಫಿ ಕೊಟ್ಟು ಬಂದು ಕೂತಳು. ಸ್ವಲ್ಪ ಹೊತ್ತು ನೋಡಿದಳು.

‘ಅಣ್ಣಾರೇ, ನಿಮ್ ಕಾಫಿ ಆರ್ತಿದೆ, ಕುಡೀರಿ’ ಎಂದು ಪರಮೇಶಪ್ಪನವರಿಗೆ ಹೇಳಿ ತಿಪ್ಪೇಶನ ಕಡೆ ತಿರುಗಿದಳು. ‘ಮದ್ವೆ ಆದ್ಮೇಲೂ ನಾನು ಕೆಲ್ಸಕ್ಕೆ ಹೋಗ್ತೀನಿ. ಇದೇ ಲ್ಯಾಬೋ, ಶಿರಾಳಕೊಪ್ಪದಲ್ಲಿ ಇನ್ನೊಂದೋ, ಬಿಡೋದಂತೂ ಇಲ್ಲ. ನಿಮಗೆ ಹೆಂಗೆ? ನೀವೇ ಹೇಳಿ.’

ರೂಪಾಳ ಅಪ್ಪ ಕೆಮ್ಮಿದರು. ಗೌರವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆ ಮನೆಯ ಕೆಲಸವೆಲ್ಲ ಇಷ್ಟು ವರ್ಷ ಮಾಡಿದವರು ಅವರು, ಯಾವ ಉತ್ತರಕ್ಕೆ ಕಾಯುತ್ತಿದ್ದರೋ ನನಗೆ ಗೊತ್ತಾಗಲಿಲ್ಲ. ತಿಪ್ಪೇಶ ತಲೆಯೆತ್ತಿ ಅವಳನ್ನು ನೋಡಿದ. ಅವನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ರೂಪಾ ಕೈಕಟ್ಟಿಕೊಂಡು, ಬಸ್ಸಿಗೆ ಬೇಕಾದಷ್ಟು ಸಮಯವಿದ್ದವಳ ಹಾಗೆ ಕೂತಿದ್ದಳು. ತಿಪ್ಪೇಶನ ಬಾಯಿ ತೆರೆಯಿತು. ಏನೋ ಬರುತ್ತಿತ್ತು.

‘ಅದ್ಕೇನಂತೆ, ಆಮ್ಯಾಲೆ ನೋಡ್ಕಂಡ್ರಾತು ಬಿಡ್ರಿ’ ಎಂದರು ಪರಮೇಶಪ್ಪ. ‘ನಮ್ ಹುಡ್ಗ ಯಾವುದ್ಕೂ ಬ್ಯಾಡ ಅನ್ನಾವಲ್ಲ.’

ಎಲ್ಲರೂ ಹಗುರಾಗಿ ನಕ್ಕುಬಿಟ್ಟರು. ಮಾತು ಕಲ್ಯಾಣಮಂಟಪದ ಕಡೆಗೆ, ಅಡುಗೆಯವರ ಕಡೆಗೆ ಹರಿಯಿತು. ನಗದೆ ಉಳಿದವರು ಇಬ್ಬರು, ಇಬ್ಬರೂ ನನ್ನ ಕ್ಯಾಮರಾದಲ್ಲಿದ್ದರು.

ಆಮೇಲೆ ನನಗೆ ಎರಡು ಫೋನು. ಪರಮೇಶಪ್ಪನವರದು: ನೆಂಟರ ಗ್ರೂಪಿಗೆಲ್ಲ ಕಳಿಸಬೇಕು, ಆ ಹುಡುಗಿ ಪ್ರಶ್ನೆ ಕೇಳಿದ್ದು, ಇವನು ಬಾಯಿಬಿಟ್ಟುಕೊಂಡು ಕೂತದ್ದು ಎರಡನ್ನೂ ತೆಗೆದುಬಿಡಿ. ರೂಪಾಳದು: ಆ ಜಾಗವನ್ನು ಮುಟ್ಟಬೇಡಿ. ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ, ತಾನು ಮಾತ್ರ ಹೂಂ ಅಂದಿಲ್ಲ ಎಂದಳು. ತಡೆದು ಮಾತಾಡುವವನ ಜೊತೆ ಬದುಕಬಹುದು, ಬೇರೆಯವರ ಬಾಯಿಂದ ಮಾತಾಡುವವನ ಜೊತೆ ಆಗುವುದಿಲ್ಲ. ಅಲ್ಲಿ ಅವನು ಹೇಳಹೊರಟದ್ದು ಏನು ಎಂದು ಅವನಿಂದಲೇ ಗೊತ್ತಾಗಬೇಕು. ಮೆಸೇಜು ಮಾಡಿ ಕೇಳಬಾರದೇ ಎಂದೆ. ಮೆಸೇಜಾದರೆ ಭಾವನೇ ಬರೆದುಕೊಟ್ಟಾರು ಎಂದಳು.

ಇಬ್ಬರು ಗಿರಾಕಿಗಳು ಎರಡು ತಿದ್ದುಪಡಿ ಹೇಳಿದರೆ ಯಾವ ಬಾಣ ಹಿಡಿಯಬೇಕೆಂದು ಮಂಜಣ್ಣನ ಫ್ಲೆಕ್ಸಿನಲ್ಲಿ ಬರೆದಿಲ್ಲ. ನಾನು ಮೂರನೆಯವನನ್ನು ಕರೆಸಿದೆ.

ತಿಪ್ಪೇಶ ಒಬ್ಬನೇ ಬಂದ. ನನ್ನ ಪಕ್ಕದ ಕುರ್ಚಿಯಲ್ಲಿ, ಕೈಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತ. ರೂಪಾ ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸಿ ಸೊರಬದ ವಿಡಿಯೋ ಹಾಕಿದೆ. ಕಾಫಿ, ಕೆಮ್ಮು, ರೂಪಾಳ ಪ್ರಶ್ನೆ, ಅವನ ಗಂಟಲು. ಬಾಯಿ ತೆರೆದಲ್ಲಿ, ಭಾವನ ದನಿ ಬರುವುದಕ್ಕೆ ಮುಂಚೆ, ನಿಲ್ಲಿಸಿದೆ.

ಪರದೆಯ ತುಂಬ ಆ ಮುಖ. ಅವನ ಬಾಯಿಯನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ಅವನ ತಾಯಿಗಿಂತ ಹೆಚ್ಚು ನೋಡಿದವಳು ನಾನು. ‘ತ’ಕ್ಕೆ ಹೇಗೆ ಬಿಗಿಯುತ್ತದೆ, ‘ಕ’ಕ್ಕೆ ಹೇಗೆ ಎಂದು ಬಲ್ಲೆ. ಇದು ಎರಡೂ ಅಲ್ಲ. ಹೂಂ ಎನ್ನಲು ತೆರೆದ ಬಾಯಿಯೂ ಹೀಗೇ ಇರಬಹುದು, ಬೇಡ ಎನ್ನಲು ತೆರೆದದ್ದೂ ಹೀಗೇ ಇರಬಹುದು. ಮಾತು ಸಿಕ್ಕಿಕೊಂಡಿತ್ತೋ, ಅವನಿನ್ನೂ ಯೋಚಿಸುತ್ತಿದ್ದನೋ, ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಅವನೂ ತನ್ನ ಮುಖವನ್ನೇ ನೋಡುತ್ತಿದ್ದ. ನಾನು ಮೌಸಿನಿಂದ ಕೈ ತೆಗೆದು, ಕುರ್ಚಿಯನ್ನು ಅವನ ಕಡೆ ತಿರುಗಿಸಿ ಕೇಳಿದೆ:

‘ತಿಪ್ಪೇಶಣ್ಣ, ಇಲ್ಲಿ ಏನು ಹೇಳೋಕೆ ಹೊರಟಿದ್ರಿ?’